ಕಾರಿನಲ್ಲಿ ಮಂದ್ರಸ್ವರ

ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುವ ವಿದ್ಯಾರ್ಥಿಯೊಬ್ಬನು ವಿದ್ಯುತ್ತಿನ ತಂತಿಗಳ ವಿಚಾರವಾಗಿ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಕಾಲೇಜಿನ ಸಂಚಿಕೆಯಲ್ಲಿ ಕವಿತೆಗಳಿಗೂ ಪ್ರವಾಸ ಕಥನಗಳಿಗೂ ಕೊರತೆ ಇರಲಾರದೆಂಬ ಧೈರ್ಯದಿಂದ ನಾನು ಈ ಪ್ರಾಪಂಚಿಕ ವಿಷಯವನ್ನು ಎತ್ತಿಕೊಂಡಿದ್ದೇನೆ. ಕಾರಿನ ಹಿಂಬದಿಯಲ್ಲಿ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರನ್ನೂ ಅದನ್ನು ನುಡಿಸುವ ಆಂಪ್ಲಿಫಯರನ್ನೂ ಕೂಡಿಸಿಕೊಳ್ಳುವ ಹವ್ಯಾಸ ನಮ್ಮ ಸಹಪಾಠಿಗಳಲ್ಲಿ ಅನೇಕರಿಗೆ ಉಂಟು. ಸ್ವಂತ ಕಾರಿಲ್ಲದವರಿಗೂ ಮಾವನ ಕಾರಿನ ಮೇಲೋ ಗೆಳೆಯನ ಕಾರಿನ ಮೇಲೋ ಈ ಪ್ರಯೋಗ ನಡೆಸುವ ಅವಕಾಶ ಸಿಗುತ್ತದೆ. ಹೀಗೆ ಕೂಡಿಸುವಾಗ ಎಲ್ಲರ ಕಣ್ಣೂ ಸ್ಪೀಕರಿನ ಮೇಲೆ ಇರುತ್ತದೆ, ತಂತಿಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಆ ತಂತಿಯ ಮಾತನ್ನೇ.

ನಮ್ಮ ಮನೆ ಇರುವುದು ತಲ್ಲೂರಿನಲ್ಲಿ. ಕುಂದಾಪುರದಿಂದ ಬಡಗಲಾಗಿ ಬರುವ ರಾಷ್ಟ್ರೀಯ ಹೆದ್ದಾರಿ (ಹಿಂದೆ ಅದರ ಸಂಖ್ಯೆ 17, ಈಗ 66) ನಮ್ಮೂರನ್ನು ಹಾದು ಹೆಮ್ಮಾಡಿ, ಬೈಂದೂರುಗಳ ಕಡೆಗೆ ಹೋಗುತ್ತದೆ. ನಮ್ಮಲ್ಲಿಂದ ಒಂದು ದಾರಿ ನೇರಳಕಟ್ಟೆಯತ್ತ ಕವಲೊಡೆಯುತ್ತದೆ. ನನ್ನ ಅಣ್ಣನಿಗೆ ಬಾಡಿಗೆ ಕಾರಿನ ದುಡಿಮೆ. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದ ಮೇಲೆ ರೈಲಿನಿಂದ ಇಳಿದು ಕೊಲ್ಲೂರಿಗೆ ಹೋಗುವ ಯಾತ್ರಿಕರೇ ಇಂಥವರ ಅನ್ನದಾತರು. ಅಣ್ಣನು ಕಾರನ್ನು ಕೊಂಡದ್ದು ಎರಡನೆಯ ಕೈಯಿಂದ, ಸಾಲ ಮಾಡಿ. ಸಾಲ ತೀರಲು ಇನ್ನೂ ಮೂರು ವರ್ಷವಿದೆ. ಕಾರಿನ ಜೊತೆಗೆ ಹಿಂದಿನ ಯಜಮಾನರು ಹಾಕಿಸಿದ್ದ ಸಬ್‌ವೂಫರೂ ಆಂಪ್ಲಿಫಯರೂ ಬಂದವು. ತರುಣ ಪ್ರಯಾಣಿಕರಿಗೆ ಅದು ಮೆಚ್ಚಿಗೆಯಾಯಿತೆಂದು ಅಣ್ಣನಿಗೂ ಸಂತೋಷವೇ. ಆದರೆ ರಾತ್ರಿಯಲ್ಲಿ ಹಾಡು ಜೋರಾದಾಗ ಒಂದೊಂದು ಪೆಟ್ಟಿಗೂ ಮುಂದೀಪಗಳು ಮಂಕಾಗುತ್ತಿದ್ದುವು. ಒಂದು ದಿನ ಚಾಲಕನ ಕಾಲಬುಡದಲ್ಲಿ ರಬ್ಬರು ಕಾದಂಥ ವಾಸನೆಯೂ ಬಂದಿತು. ಕುಂದಾಪುರದ ಕಡೆಯಲ್ಲಿ ವಾಹನಗಳ ವಿದ್ಯುತ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಮನೆಗೆ ಕರೆಸಿದೆವು. ಮಳೆಗಾಲದ ರಜೆಯ ಎರಡು ದಿನ ಅವರಿಗೆ ಟಾರ್ಚು, ಇಕ್ಕಳಗಳನ್ನು ಹಿಡಿದುಕೊಡುವ ಕೆಲಸ ನನ್ನದಾಯಿತು. ಆಗ ಕಣ್ಣಾರೆ ಕಂಡದ್ದೂ, ಅನಂತರ ಗ್ರಂಥಾಲಯದಲ್ಲಿ ಓದಿ ಮನದಟ್ಟು ಮಾಡಿಕೊಂಡದ್ದೂ ಸೇರಿ ಈ ಲೇಖನವಾಗಿದೆ.

ಮೊದಲು ಧ್ವನಿಯ ವಿಚಾರ. ನಮ್ಮ ಕಿವಿ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 20000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಸೆಕೆಂಡಿಗೆ ಒಂದು ಕಂಪನವಾದರೆ ಅದನ್ನು ಒಂದು ಹರ್ಟ್ಸ್ ಎನ್ನುತ್ತಾರೆ. ಸಂಗೀತಗಾರರ ಮಾತಿನಲ್ಲಿ ಮಂದ್ರ, ಮಧ್ಯ, ತಾರವೆಂಬ ವಿಭಾಗ ಇರುವುದಷ್ಟೆ. ಸಬ್‌ವೂಫರಿನ ರಾಜ್ಯವು ಮಂದ್ರಕ್ಕಿಂತಲೂ ಕೆಳಗಿನದು, ಸುಮಾರು 20ರಿಂದ 100 ಹರ್ಟ್ಸಿನ ಒಳಗಿನದು. ದೇವಸ್ಥಾನದ ನಗಾರಿಯ ಬಳಿ ನಿಂತಾಗ ಶಬ್ದವು ಕಿವಿಗಿಂತ ಎದೆಗೆ ಹೆಚ್ಚು ತಾಗಿದಂತಾಗುತ್ತದಲ್ಲವೇ? ಅದೇ ಜಾತಿಯ ಶಬ್ದ. ಆಷಾಢದ ರಾತ್ರಿ ಕಡಲ ಮೊರೆತವು ಒಳನಾಡಿನ ಮನೆಗಳವರೆಗೂ ಕೇಳಿಸುವುದಕ್ಕೆ ಕಾರಣವೂ ಇದರಲ್ಲೇ ಇದೆ. ಕೆಳಸ್ವರಗಳು ಗಾಳಿಯಲ್ಲಿ ಬೇಗನೆ ಕರಗಿಹೋಗುವುದಿಲ್ಲ, ಮರ, ಗೋಡೆಗಳಿಗೆ ಹೆಚ್ಚಾಗಿ ಅಂಜುವುದೂ ಇಲ್ಲ.

ಗಾಳಿಯಲ್ಲಿ ಶಬ್ದದ ವೇಗ ನಮ್ಮ ಕಡೆಯ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್. ಆದುದರಿಂದ 1000 ಹರ್ಟ್ಸಿನ ಸ್ವರದ ಒಂದು ಅಲೆ ಒಂದು ಅಡಿಗಿಂತ ತುಸು ಉದ್ದ. 40 ಹರ್ಟ್ಸಿನ ಅಲೆಯಾದರೋ ಎಂಟೂವರೆ ಮೀಟರಿಗೂ ಮಿಕ್ಕಿದ್ದು, ಎಂದರೆ ಕಾರಿಗಿಂತ ಎರಡು ಪಾಲು ಉದ್ದ. ಇಷ್ಟು ಉದ್ದದ ಅಲೆ ಯಾವ ಕಡೆಯಿಂದ ಬಂದಿತೆಂದು ನಮ್ಮ ಎರಡು ಕಿವಿಗಳು ತೀರ್ಮಾನಿಸಲಾರವು. ಸಬ್‌ವೂಫರನ್ನು ಡಿಕ್ಕಿಯ ಮೂಲೆಗೆ ತಳ್ಳಿದರೂ ಹಾಡು ಮುಂದಿನಿಂದಲೇ ಬಂದಂತೆ ತೋರುವುದು ಇದರಿಂದಲೇ.

ಆದರೆ ಈ ಕೆಳಸ್ವರಗಳಿಗೆ ಬೆಲೆ ಹೆಚ್ಚು. ಶಬ್ದದ ಒತ್ತಡ ಮೊದಲಿನಷ್ಟೇ ಇರಬೇಕು, ಕಂಪನದ ಸಂಖ್ಯೆ ಮಾತ್ರ ಅರ್ಧವಾಗಬೇಕು ಎಂದಾದರೆ ಸ್ಪೀಕರಿನ ಕಾಗದದ ಶಂಕು ಹಿಂದುಮುಂದಾಗಿ ಆಡುವ ದೂರವು ನಾಲ್ಕುಪಾಲಾಗಬೇಕು. 80 ಹರ್ಟ್ಸಿನಲ್ಲಿ ಒಂದು ಮಿಲಿಮೀಟರ್ ಆಡಿದರೆ ಸಾಕಾಗುತ್ತಿದ್ದುದು 40ರಲ್ಲಿ ನಾಲ್ಕು, 20ರಲ್ಲಿ ಹದಿನಾರು. ಇದರ ಮೇಲೆ ನಮ್ಮ ಕಿವಿಯೂ ಕೆಳಸ್ವರಕ್ಕೆ ಮಂದ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಕಾರಿನ ಬಾಗಿಲಿನಲ್ಲಿರುವ ಅಂಗೈಯಗಲದ ಸ್ಪೀಕರುಗಳಿಂದ ಇದು ಆಗದ ಮಾತು. ಹತ್ತು ಹನ್ನೆರಡು ಅಂಗುಲದ ಶಂಕು, ಅದಕ್ಕೆ ಪ್ರತ್ಯೇಕವಾದ ಶಕ್ತಿ, ಎರಡೂ ಬೇಕು. (ಮುಂದೆ ಆಂಪ್ಲಿಫಯರನ್ನು ‘ವರ್ಧಕ’ ಎಂದೇ ಕರೆಯುತ್ತೇನೆ. ಧ್ವನಿವರ್ಧಕವೆಂಬ ಹೆಸರನ್ನು ನಮ್ಮ ಜನ ಸ್ಪೀಕರಿಗೂ ಮೈಕಿಗೂ ಜಾತ್ರೆಯ ಕಹಳೆಗೂ ಒಟ್ಟಾಗಿ ಕೊಟ್ಟುಬಿಟ್ಟಿರುವುದರಿಂದ ಅದು ಇಲ್ಲಿ ಪ್ರಯೋಜನಕ್ಕೆ ಬಾರದು.)

ಇಂದಿನ ಎಲ್ಲ ಸ್ಪೀಕರುಗಳ ಮೂಲಪುರುಷರೆಂದು ರೈಸ್ ಮತ್ತು ಕೆಲಾಗ್ ಎಂಬ ಇಂಜಿನಿಯರುಗಳನ್ನು ಹೇಳುತ್ತಾರೆ. 1925ರಲ್ಲಿ ಅವರು ಅಮೆರಿಕದಲ್ಲಿ ರೂಪಿಸಿದ ಚಲಿಸುವ ಸುರುಳಿಯ ಸ್ಪೀಕರಿನ ತತ್ತ್ವವೇ ಈಗಲೂ ನಡೆಯುತ್ತಿದೆ: ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕು, ಅಷ್ಟೆ. 1930ರಲ್ಲಿ ಗಾಲ್ವಿನ್ ಸಹೋದರರು ಕಾರಿಗೆ ರೇಡಿಯೋ ಕೂಡಿಸಿ ಮೋಟೊರೋಲಾ ಎಂದು ಹೆಸರಿಟ್ಟು ಮಾರಿದರು. ಕಾಲೇಜಿನ ಪತ್ರಿಕೆಯಾದ್ದರಿಂದ ನಮ್ಮವರೊಬ್ಬರ ನೆನಪನ್ನೂ ಮಾಡಬೇಕು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಪ್ರಸಾರಯಂತ್ರದ ಶಕ್ತಿ 30 ವಾಟ್. ರೇಡಿಯೋ ಅಲೆಯನ್ನೂ ಶಬ್ದದ ಅಲೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ, ನಿಜ. ಆದರೂ ಒಂದು ನಗರಕ್ಕೆ ಹಾಡು ಕೇಳಿಸಲು 30 ವಾಟ್ ಸಾಕಾಗಿದ್ದ ನಾಡಿನಲ್ಲಿ ಐದು ಜನ ಕೂರುವ ಪೆಟ್ಟಿಗೆಗೆ 300 ವಾಟ್ ಬೇಕೆನ್ನುವಾಗ ನನಗೆ ನಗು ಬರುತ್ತದೆ.

ಸ್ಪೀಕರನ್ನು ಇಡುವ ಪೆಟ್ಟಿಗೆಯೂ ಅಲಂಕಾರಕ್ಕಲ್ಲ. ಬೀಸಣಿಗೆಯನ್ನು ಎಷ್ಟು ಬೀಸಿದರೂ ಸ್ವರ ಹೊರಡದು, ಏಕೆಂದರೆ ಮುಂದೆ ಒತ್ತಿದ ಗಾಳಿ ಅಂಚನ್ನು ಸುತ್ತಿ ಹಿಂದಕ್ಕೆ ಹರಿದುಬಿಡುತ್ತದೆ. ಬರಿಯ ಸ್ಪೀಕರಿನ ಗತಿಯೂ ಕೆಳಸ್ವರಗಳಲ್ಲಿ ಇದೇ. ಹಿಂಬದಿಯ ಗಾಳಿಯನ್ನು ಮುಂಬದಿಯ ಗಾಳಿಯಿಂದ ಬೇರ್ಪಡಿಸಲು ಪೆಟ್ಟಿಗೆ ಬೇಕು. ಯಾವ ಸ್ಪೀಕರಿಗೆ ಎಷ್ಟು ಗಾಳಿಯ ಪೆಟ್ಟಿಗೆ ಎಂಬುದನ್ನು ಲೆಕ್ಕದಿಂದಲೇ ಹೇಳುವ ಕ್ರಮವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದನು. ರಿಚರ್ಡ್ ಸ್ಮಾಲ್ ಅದನ್ನು ಎಪ್ಪತ್ತರ ದಶಕದಲ್ಲಿ ಬೆಳೆಸಿದನು. ಹತ್ತು ಅಂಗುಲದ ಸಾಮಾನ್ಯ ಸಬ್‌ವೂಫರಿಗೆ ಮುಚ್ಚಿದ ಪೆಟ್ಟಿಗೆಯಾದರೆ 20ರಿಂದ 30 ಲೀಟರು ಒಳಗಾತ್ರ ಸಾಕಾಗುತ್ತದೆ. ಅಂಗಡಿಯ ಪೆಟ್ಟಿಗೆಗಳು ಬಹುಮಟ್ಟಿಗೆ ಎಂಡಿಎಫ್ ಎಂಬ ಮರದ ಹುಡಿಯ ಹಲಗೆಯವು. ಘಟ್ಟದ ಮೇಲೆ ಅವು ಬಾಳಬಹುದು. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅಂಥ ಹಲಗೆ ತೇವ ಕುಡಿದು ಅವಲಕ್ಕಿಯಂತೆ ಉಬ್ಬುತ್ತದೆ. ನೀರು ತಾಳುವ ಪ್ಲೈವುಡ್ಡೇ ಇಲ್ಲಿಗೆ ಯೋಗ್ಯವೆಂದು ನನ್ನ ಅಭಿಪ್ರಾಯ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 300 ವಾಟಿನ ವರ್ಧಕವು ಆ ಶಕ್ತಿಯನ್ನು ತಾನೇ ಹಡೆಯುವುದಿಲ್ಲ. ಬ್ಯಾಟರಿಯಿಂದ ಪಡೆದು ರೂಪ ಬದಲಿಸಿ ಕೊಡುತ್ತದೆ. ಇಂದಿನ ‘ಡಿ’ ವರ್ಗದ ವರ್ಧಕಗಳು ಪಡೆದುದರಲ್ಲಿ ನೂರಕ್ಕೆ 80ರಷ್ಟನ್ನು ಸ್ಪೀಕರಿಗೆ ತಲುಪಿಸುತ್ತವೆಂದು ಇಟ್ಟುಕೊಳ್ಳೋಣ. ಹಾಗಾದರೆ 300 ವಾಟ್ ಕೊಡಲು 375 ವಾಟ್ ಬೇಕು. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತಿನ ಒತ್ತಡ ಸುಮಾರು 13.8 ವೋಲ್ಟು. 375ನ್ನು 13.8ರಿಂದ ಭಾಗಿಸಿದರೆ ಪ್ರವಾಹವು 27 ಆಂಪಿಯರ್. ಎರಡು ಮುಂದೀಪಗಳು ಸೇರಿ ಎಳೆಯುವುದು ಒಂಬತ್ತು ಆಂಪಿಯರಿನ ಸುಮಾರು. ಇದು ಅದರ ಮೂರರಷ್ಟು. ಮನೆಯಲ್ಲಿ 230 ವೋಲ್ಟಿರುವುದರಿಂದ ಇದೇ 375 ವಾಟಿಗೆ ಎರಡು ಆಂಪಿಯರೂ ಬೇಡ. ನಮ್ಮ ಜನ ಎಡವುವುದು ಇಲ್ಲಿಯೇ. “ಹನ್ನೆರಡು ವೋಲ್ಟು ತಾನೆ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ” ಎಂದು ಅದನ್ನು ಆಟಿಕೆಯೆಂದು ತಿಳಿಯುತ್ತಾರೆ. ವೋಲ್ಟು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರು ಹೆಚ್ಚು ಬೇಕು. ತಂತಿಯನ್ನು ಬಿಸಿಮಾಡುವುದು ಆಂಪಿಯರೇ ಹೊರತು ವೋಲ್ಟಲ್ಲ.

ಬ್ಯಾಟರಿಯು ಎಂಜಿನಿನ ಪಕ್ಕದಲ್ಲಿ, ವರ್ಧಕವು ಡಿಕ್ಕಿಯಲ್ಲಿ. ನಡುವೆ ಐದು ಮೀಟರು ತಂತಿ. ಅಣ್ಣನ ಕಾರಿನಲ್ಲಿ ಹಾಕಿದ್ದುದು ಮನೆಯ ಗೋಡೆಗಳಿಗೆ ಎಳೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಅದರ ಐದು ಮೀಟರಿನ ಪ್ರತಿರೋಧ 0.034 ಓಮ್. ಕೇಳಲು ಏನೂ ಇಲ್ಲವೆನಿಸುವ ಈ ಸಂಖ್ಯೆಯನ್ನು 27 ಆಂಪಿಯರಿನಿಂದ ಗುಣಿಸಿ ನೋಡಿರಿ: 0.93 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಸೋರಿದ ಶಕ್ತಿ 25 ವಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕೋಲಿನ ಶಕ್ತಿ ಅಷ್ಟೇ ಇರುತ್ತದೆ! ಐದು ಮೀಟರಿನುದ್ದಕ್ಕೂ ಹಂಚಿಹೋಗುವುದರಿಂದ ಒಂದೆಡೆ ಸುಡುವುದಿಲ್ಲ ಎಂಬುದೇನೋ ದಿಟ. ಆದರೆ ರತ್ನಗಂಬಳಿಯ ಅಡಿಯಲ್ಲಿ ಗಾಳಿಯಿಲ್ಲದೆ ಬಿದ್ದಿರುವ ತಂತಿಗೆ ಆ ಬಿಸಿಯೂ ಸಾಕು, ವಾಸನೆ ಬರಲು. ಇದೇ ದಾರಿಗೆ 10 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟವು ಕಾಲು ವೋಲ್ಟಿಗೂ ಕಡಿಮೆ. ನಾವು ಮಾಡಿದ್ದೂ ಅದನ್ನೇ.

ತಂತಿಯನ್ನು ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಬಣ್ಣಬಣ್ಣದ ಪೊಟ್ಟಣಗಳಲ್ಲಿ ಬರುವ ತಂತಿಗಳಲ್ಲಿ ಅನೇಕವು ಮೇಲೆ ಮಾತ್ರ ತಾಮ್ರ, ಒಳಗೆ ಅಲ್ಯೂಮಿನಿಯಂ. ಅವು ಅಪ್ಪಟ ತಾಮ್ರದ ಮೂರರಲ್ಲಿ ಎರಡು ಪಾಲಿನಷ್ಟು ಪ್ರವಾಹವನ್ನೂ ಸರಿಯಾಗಿ ಒಯ್ಯಲಾರವು. ಉಪ್ಪುಗಾಳಿಗೆ ಬೇಗ ಕೆಡುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳುಪು ಗುಟ್ಟನ್ನು ಬಿಟ್ಟುಕೊಡುತ್ತದೆ. ಕೈಯಲ್ಲಿ ತೂಗಿದರೂ ಹಗುರ. ಅಂಥದೇ ಸಿಕ್ಕಿದರೆ ಒಂದೆರಡು ಅಳತೆ ದಪ್ಪನಾದುದನ್ನು ಕೊಳ್ಳಬೇಕು. ಹಣ ಉಳಿಸಬೇಕಾದವರು ವರ್ಧಕದ ವಾಟಿನಲ್ಲಿ ಉಳಿಸಲಿ, ತಂತಿಯಲ್ಲಿ ಬೇಡ.

ಆದರೂ ಸಣ್ಣ ತಂತಿ ಅಣ್ಣನ ಕಾರಿನ ದೊಡ್ಡ ದೋಷವಾಗಿರಲಿಲ್ಲ. ಫ್ಯೂಸ್ ಎಲ್ಲಿದೆಯೆಂದು ಕೆಲಸದ ಹಿರಿಯರು ಹುಡುಕಿದಾಗ ಅದು ಹಿಂದೆ, ವರ್ಧಕದ ಪಕ್ಕದಲ್ಲಿ ಸಿಕ್ಕಿತು. ಅಣ್ಣನು ಸಮಾಧಾನದಿಂದ “ಫ್ಯೂಸ್ ಇತ್ತಲ್ದಾ, ಮತ್ತೆಂತ ಹೆದ್ರಿಕಿ?” ಎಂದನು. ಅವರು ಉತ್ತರ ಹೇಳದೆ ಎಂಜಿನನ್ನೂ ಒಳಾಂಗಣವನ್ನೂ ಬೇರ್ಪಡಿಸುವ ತಗಡಿನ ಗೋಡೆಯ ಬಳಿ ಟಾರ್ಚು ಹಿಡಿಯಲು ನನಗೆ ಸನ್ನೆ ಮಾಡಿದರು. ತಗಡಿನಲ್ಲಿ ಕೊರೆದ ತೂತಿಗೆ ರಬ್ಬರಿನ ಬಳೆ ಇರಲಿಲ್ಲ. ತಂತಿಯು ತಗಡಿನ ಹರಿತವಾದ ಅಂಚಿಗೆ ಒರಗಿಕೊಂಡು, ಎಂಜಿನಿನ ನಡುಕಕ್ಕೆ ದಿನವೂ ಉಜ್ಜಿ ಉಜ್ಜಿ, ಮೇಲ್ಹೊದಿಕೆ ಮುಕ್ಕಾಲು ಪಾಲು ಸವೆದಿತ್ತು. ತಾಮ್ರ ಕಾಣಿಸಲು ಕಾಗದದಷ್ಟು ದಪ್ಪ ಮಾತ್ರ ಉಳಿದಿತ್ತು.

ಫ್ಯೂಸ್ ಎಂಬುದರ ಅರ್ಥವೇ ಇಲ್ಲಿ ಸ್ಪಷ್ಟವಾಗುತ್ತದೆ. ಅದು ವರ್ಧಕವನ್ನು ಕಾಯುವ ಕಾವಲುಗಾರನೆಂದು ಹಲವರ ಎಣಿಕೆ. ಅದು ಕಾಯುವುದು ತಂತಿಯನ್ನು. ಅದೂ ತನ್ನಿಂದ ಮುಂದಿರುವ ತಂತಿಯನ್ನು ಮಾತ್ರ. ಕಾರಿನ ಲೋಹದ ಮೈಯೆಲ್ಲವೂ ಬ್ಯಾಟರಿಯ ಋಣ ಧ್ರುವಕ್ಕೆ ಸೇರಿರುತ್ತದೆ. ಧನ ಧ್ರುವದಿಂದ ಬರುವ ತಂತಿಯ ತಾಮ್ರವು ಯಾವ ತಗಡನ್ನು ಮುಟ್ಟಿದರೂ ಬ್ಯಾಟರಿಯ ಎರಡು ಧ್ರುವಗಳು ನೇರವಾಗಿ ಕೂಡಿದಂತೆ. ತೆಳುತಂತಿಯ ಐದು ಮೀಟರು ಪೂರ್ತಿ ನಡುವೆ ಇದ್ದರೂ ಆಗ ಹರಿಯುವ ಪ್ರವಾಹ ಸುಮಾರು 300 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ 3000 ವಾಟಿನ ಆಸುಪಾಸು, ಎಂದರೆ ಸ್ನಾನದ ಮನೆಯ ದೊಡ್ಡ ಗೀಸರಿನಷ್ಟು. ತಗಡಿನ ಗೋಡೆಯಲ್ಲೇ ತಾಗಿದರೆ ದಾರಿ ಇನ್ನೂ ಗಿಡ್ಡ, ಪ್ರವಾಹ ಇನ್ನೂ ಹೆಚ್ಚು. ತಂತಿಯ ಹೊದಿಕೆ ಕರಗಿ ಉರಿ ಹಿಡಿಯಲು ಕೆಲವು ಕ್ಷಣಗಳೇ ಸಾಕು. ಆ ಹೊತ್ತಿನಲ್ಲಿ ಡಿಕ್ಕಿಯಲ್ಲಿರುವ ಫ್ಯೂಸಿಗೆ ಈ ಸಂಗತಿಯ ಸುಳಿವೇ ಹತ್ತದು; ಪ್ರವಾಹವು ಅದರವರೆಗೆ ಹೋಗುವುದೇ ಇಲ್ಲವಷ್ಟೆ! ಹಾಡು ನಿಲ್ಲಿಸಿದರೂ, ಕೀಲಿ ತೆಗೆದರೂ ಫಲವಿಲ್ಲ, ಏಕೆಂದರೆ ಈ ತಂತಿ ಕೀಲಿಯ ಹಿಡಿತಕ್ಕೆ ಒಳಪಟ್ಟುದಲ್ಲ. ಕಾರು ಅಂಗಳದಲ್ಲಿ ನಿಂತಿದ್ದು, ಮನೆಮಂದಿ ಮಲಗಿದ್ದಾಗಲೂ ಆಗಬಹುದಾದ ಅನಾಹುತ ಇದು. ಹಿಂದಿನ ಸೀಟಿನಲ್ಲಿ ಯಾತ್ರಿಕರ ಮಕ್ಕಳು ನಿದ್ದೆಹೋಗಿರುವಾಗ ಘಟ್ಟದ ಬುಡದ ಕಾಡುದಾರಿಯಲ್ಲಿ ಆಗಿದ್ದರೆ ಎಂದು ಅಣ್ಣನು ಆ ರಾತ್ರಿ ಅಮ್ಮನಿಗೆ ಹೇಳದೆ ನನಗೆ ಮಾತ್ರ ಹೇಳಿದನು.

ಆದುದರಿಂದ ಫ್ಯೂಸಿನ ಸ್ಥಾನ ಬ್ಯಾಟರಿಯ ಮಗ್ಗುಲು. ಧನ ಧ್ರುವದಿಂದ ಒಂದೂವರೆ ಅಡಿಯೊಳಗೆ ಇರಬೇಕೆಂಬುದು ಈ ಕಸುಬಿನವರ ನಿಯಮ. ಇನ್ನೂ ಹತ್ತಿರವಾದರೆ ಇನ್ನೂ ಒಳ್ಳೆಯದು. ಅದರ ಅಳತೆ ತಂತಿಯು ತಾಳುವುದಕ್ಕಿಂತ ಹೆಚ್ಚಿರಕೂಡದು. ನಮ್ಮ 10 ಚದರ ಮಿಲಿಮೀಟರಿನ ತಂತಿಗೆ 40 ಆಂಪಿಯರಿನದನ್ನು ಹಾಕಿದೆವು. ಫ್ಯೂಸ್ ಪದೇ ಪದೇ ಹೋದರೆ ಕಾರಣ ಹುಡುಕಬೇಕೇ ಹೊರತು ದೊಡ್ಡದನ್ನು ತುರುಕುವುದಾಗಲಿ, ಸಿಗರೇಟಿನ ಬೇಗಡೆ ಸುತ್ತುವುದಾಗಲಿ ಸಲ್ಲದು.

ಕೆಲಸದ ಕ್ರಮವನ್ನು ಈಗ ಹೇಳುತ್ತೇನೆ. ಮೊಟ್ಟಮೊದಲು ಬ್ಯಾಟರಿಯ ಋಣ ಧ್ರುವವನ್ನು ಬಿಚ್ಚಬೇಕು. ಧನ ಧ್ರುವಕ್ಕೆ ಮೊದಲು ಸ್ಪ್ಯಾನರ್ ಹಾಕಿ ಅದು ಪಕ್ಕದ ತಗಡಿಗೆ ತಾಗಿದರೆ ಸ್ಪ್ಯಾನರೇ ತಂತಿಯಾಗಿ ಕಿಡಿ ಹಾರುತ್ತದೆ. ಋಣವನ್ನು ಬಿಚ್ಚಿದ್ದರೆ ಆ ಭಯವಿಲ್ಲ. ತಿರುಗಿ ಜೋಡಿಸುವಾಗ ಋಣ ಧ್ರುವವೇ ಕಡೆಯದು. ಹೊಸ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಗಡಿಯಾರ, ರೇಡಿಯೋಗಳ ನೆನಪು ಅಳಿಯಬಹುದು, ಅಷ್ಟೆ.

ತಗಡಿನ ಗೋಡೆಯಲ್ಲಿ ತಯಾರಕರೇ ಬಿಟ್ಟ ರಬ್ಬರು ಮುಚ್ಚಳದ ದಾರಿ ಇದ್ದರೆ ಅದರಲ್ಲೇ ತಂತಿ ನುಸುಳಿಸುವುದು ಲೇಸು. ಹೊಸ ತೂತು ಅನಿವಾರ್ಯವಾದರೆ ಅಂಚನ್ನು ಅರದಿಂದ ನುಣ್ಣಗೆ ಮಾಡಿ, ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ, ರಬ್ಬರಿನ ಬಳೆ ತೊಡಿಸಬೇಕು. ಆ ಬಳೆ ಚಹದ ಬೆಲೆಗೆ ಸಿಗುತ್ತದೆ. ಅಲ್ಲಿಂದ ಮುಂದೆ ತಂತಿಯನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯಡಿ ಒಂದೇ ಬದಿಯಿಂದ ಹಿಂದಕ್ಕೆ ಒಯ್ಯಬೇಕು. ಸೀಟಿನ ಜಾರುಹಳಿ, ಪೆಡಲು, ಬೆಲ್ಟಿನ ಯಂತ್ರ ಇವುಗಳಿಂದ ದೂರವಿರಲಿ.

ವರ್ಧಕದಿಂದ ಮರಳಿ ಹೋಗುವ ದಾರಿ ಕಾರಿನ ಮೈಯೇ. ಇದನ್ನು ‘ಅರ್ಥ್’ ಎನ್ನುತ್ತಾರಾದರೂ ಭೂಮಿಗೂ ಇದಕ್ಕೂ ಸಂಬಂಧವಿಲ್ಲ. ಹೋಗುವ ತಂತಿ ಎಷ್ಟು ದಪ್ಪವೋ ಬರುವ ತಂತಿಯೂ ಅಷ್ಟೇ ದಪ್ಪವಿರಬೇಕು, ಒಂದೂವರೆ ಅಡಿಗಿಂತ ಉದ್ದವಿರಬಾರದು. ಬಣ್ಣವು ವಿದ್ಯುತ್ತನ್ನು ಒಯ್ಯುವುದಿಲ್ಲ. ಬೋಲ್ಟು ಕೂರುವ ಜಾಗವನ್ನು ಮರಳುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ, ಹಲ್ಲಿನ ವಾಶರ್ ಹಾಕಿ ಬಿಗಿಯಬೇಕು. ಘಟ್ಟದ ಮೇಲಿನವರು ಇಲ್ಲಿಗೆ ಕೆಲಸ ಮುಗಿಯಿತೆನ್ನಬಹುದು. ಹೊಳೆಗೂ ಕಡಲಿಗೂ ಸಮೀಪದ ನಮ್ಮೂರಿನಲ್ಲಿ ಉಜ್ಜಿದ ಕಬ್ಬಿಣವು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ತುಕ್ಕು ಹಿಡಿದಂತೆ ಪ್ರತಿರೋಧ ಏರುತ್ತದೆ, ಜೋಡಣೆ ಬಿಸಿಯಾಗುತ್ತದೆ, ಹಾಡಿನಲ್ಲಿ ಗುಂಯ್‌ಗುಡುವಿಕೆ ಸೇರುತ್ತದೆ. ಬಿಗಿದಾದ ಮೇಲೆ ಇಡೀ ಜೋಡಣೆಗೆ ಪೆಟ್ರೋಲಿಯಂ ಜೆಲ್ಲಿಯನ್ನೋ ಬಣ್ಣವನ್ನೋ ಬಳಿದು ಗಾಳಿಯಾಡದಂತೆ ಮಾಡಿದೆವು. ಸೀಟುಬೆಲ್ಟಿನ ಬೋಲ್ಟುಗಳನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬಾರದು, ಅವು ಪ್ರಾಣ ಹಿಡಿದಿರುವಂಥವು. ನೆಲಕ್ಕೆ ತೂತು ಕೊರೆಯುವ ಮೊದಲು ಕಾರಿನಡಿ ಮಲಗಿ ನೋಡಬೇಕು. ಹಿಂಸೀಟಿನ ಕೆಳಗೆ ಪೆಟ್ರೋಲಿನ ತೊಟ್ಟಿ ಇರುವುದು ಸಾಮಾನ್ಯ.

ಸ್ಟೀರಿಯೋದಿಂದ ವರ್ಧಕಕ್ಕೆ ಹಾಡನ್ನು ಒಯ್ಯುವ ತಂತಿ ಬೇರೆ. ಆರ್‌ಸಿಎ ಎಂಬ ಹೆಸರಿನ ಈ ಜೋಡಿ ತಂತಿಯಲ್ಲಿ ಹರಿಯುವುದು ಒಂದೆರಡು ವೋಲ್ಟಿನ ದುರ್ಬಲ ಸಂಕೇತ. 27 ಆಂಪಿಯರಿನ ತಂತಿಯ ಜೊತೆಗೆ ಅದನ್ನು ಕಟ್ಟಿದರೆ ಆನೆಯ ಪಕ್ಕದಲ್ಲಿ ಆಡು ನಡೆದಂತಾಗುತ್ತದೆ. ಒಂದು ಎಡಬದಿಯಿಂದ ಹೋದರೆ ಇನ್ನೊಂದು ಬಲಬದಿಯಿಂದ ಹೋಗಲಿ. ಕಾರ್ಖಾನೆಯ ಸ್ಟೀರಿಯೋಗಳಲ್ಲಿ ಈ ತಂತಿಗೆ ರಂಧ್ರವೇ ಇಲ್ಲದಿದ್ದರೆ ಸ್ಪೀಕರಿನ ತಂತಿಯಿಂದಲೇ ಸಂಕೇತವನ್ನು ಪಡೆಯುವ ವರ್ಧಕಗಳೂ ಉಂಟು. ಮೂರನೆಯದಾಗಿ ‘ರಿಮೋಟ್’ ಎಂಬ ಸಣ್ಣ ತಂತಿ: ಸ್ಟೀರಿಯೋ ಎಚ್ಚರವಾದಾಗ ವರ್ಧಕವನ್ನು ಎಬ್ಬಿಸಿ, ಅದು ಮಲಗಿದಾಗ ಮಲಗಿಸುವುದು ಇದರ ಕೆಲಸ. ಸೋಮಾರಿಗಳು ಇದನ್ನು ನೇರವಾಗಿ ಬ್ಯಾಟರಿಗೆ ಸೇರಿಸುತ್ತಾರೆ. ವರ್ಧಕವು ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ಕಾರು ಚಾಲೂ ಆಗುವುದಿಲ್ಲ. ಎಂಜಿನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳು ಕೇಳಿಸಿದರೆ ಮೊದಲು ಸಂಶಯಪಡಬೇಕಾದುದು ಅರ್ಥ್ ಜೋಡಣೆಯನ್ನು.

ಸ್ಪೀಕರಿನ ಜೋಡಣೆ ಸುಲಭ, ಒಂದು ಮಾತಿನ ಹೊರತು. ವರ್ಧಕಕ್ಕೆ ಇಂತಿಷ್ಟು ಓಮಿಗಿಂತ ಕೆಳಗಿಳಿಯಬಾರದೆಂಬ ಮಿತಿ ಇರುತ್ತದೆ. ನಾಲ್ಕು ಓಮಿನ ಎರಡು ಸ್ಪೀಕರನ್ನು ಪಕ್ಕಪಕ್ಕವಾಗಿ ಸಮಾಂತರದಲ್ಲಿ ಕೂಡಿಸಿದರೆ ಎರಡು ಓಮ್, ಒಂದರ ಹಿಂದೊಂದಾಗಿ ಸರಣಿಯಲ್ಲಿ ಕೂಡಿಸಿದರೆ ಎಂಟು. ಗೆಳೆಯನದೆಂದು ಎರಡನೆಯ ಸ್ಪೀಕರನ್ನು ತಂದು ಅಂಟಿಸುವ ಮೊದಲು ಈ ಲೆಕ್ಕ ಮಾಡಬೇಕು. ಧನ ಯಾವುದು ಋಣ ಯಾವುದು ಎಂಬ ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದರೆ ಸಾಕು. ಶಂಕು ಹೊರಗೆ ನೆಗೆದರೆ ಸೆಲ್ಲಿನ ಧನವು ತಾಗಿದ್ದೇ ಸ್ಪೀಕರಿನ ಧನ.

‘ಗೇನ್’ ಎಂಬ ತಿರುಪನ್ನು ಧ್ವನಿ ಜೋರು ಮಾಡುವ ತಿರುಪೆಂದು ಎಲ್ಲರೂ ತಿಳಿಯುತ್ತಾರೆ. ಸ್ಟೀರಿಯೋ ಕೊಡುವ ಸಂಕೇತಕ್ಕೂ ವರ್ಧಕದ ಶಕ್ತಿಗೂ ಹೊಂದಿಕೆ ಮಾಡುವುದು ಅದರ ಉದ್ದೇಶ. ಸ್ಪೀಕರಿನ ತಂತಿ ಬಿಚ್ಚಿ, ಸ್ಟೀರಿಯೋವನ್ನು ಮುಕ್ಕಾಲು ಪಾಲು ಏರಿಸಿ, 50 ಹರ್ಟ್ಸಿನ ಒಂದೇ ಸ್ವರವನ್ನು ನುಡಿಸಿ, ವರ್ಧಕದ ಹೊರದಾರಿಯಲ್ಲಿ ಮಲ್ಟಿಮೀಟರ್ ಹಿಡಿಯಬೇಕು. ಎಷ್ಟು ವೋಲ್ಟು ಬರಬೇಕು? ವಾಟನ್ನೂ ಓಮನ್ನೂ ಗುಣಿಸಿ ವರ್ಗಮೂಲ ತೆಗೆದಷ್ಟು. 300 ವಾಟ್, 4 ಓಮ್ ಆದರೆ 1200ರ ವರ್ಗಮೂಲ, ಸುಮಾರು 34.6. ಅಲ್ಲಿಗೆ ತಲುಪಿದೊಡನೆ ತಿರುಪನ್ನು ಬಿಡಬೇಕು. ಇನ್ನೂ ತಿರುವಿದರೆ ಧ್ವನಿಯ ಅಲೆಯ ನೆತ್ತಿ ಕತ್ತರಿಸಿದಂತಾಗಿ, ಶಬ್ದ ಒಡೆದು, ಸ್ಪೀಕರಿನ ಸುರುಳಿ ಸುಡುತ್ತದೆ. ಶೋಧಕದ ತಿರುಪನ್ನು 80 ಹರ್ಟ್ಸಿನ ಬಳಿ ಇಟ್ಟರೆ ಅದಕ್ಕಿಂತ ಮೇಲಿನ ಸ್ವರಗಳು ಬಾಗಿಲಿನ ಸ್ಪೀಕರುಗಳ ಪಾಲಿಗೆ ಉಳಿಯುತ್ತವೆ.

ವಾಟಿನ ಹುಚ್ಚಿನ ಬಗ್ಗೆಯೂ ಒಂದು ಮಾತು. ಶಕ್ತಿಯನ್ನು ಇಮ್ಮಡಿ ಮಾಡಿದರೆ ಶಬ್ದ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಅದು ಅಲ್ಪ ಏರಿಕೆ. ಇಮ್ಮಡಿ ಜೋರೆಂದು ಅನಿಸಬೇಕಾದರೆ ಶಕ್ತಿಯು ಹತ್ತುಮಡಿಯಾಗಬೇಕು. 300ರ ಬದಲು 600 ವಾಟಿನದನ್ನು ಕೊಂಡವನು ಹಣವನ್ನೂ ತಂತಿಯ ದಪ್ಪವನ್ನೂ ಬ್ಯಾಟರಿಯ ಕಷ್ಟವನ್ನೂ ಇಮ್ಮಡಿಸಿಕೊಂಡು ಪಡೆಯುವ ಲಾಭ ಇಷ್ಟೇ.

ನೆರೆಹೊರೆಯವರ ಮಾತನ್ನು ಬಿಡುವಂತಿಲ್ಲ. ಕೇಂದ್ರ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ನ್ಯಾಯಾಲಯ, ವಿದ್ಯಾಸಂಸ್ಥೆಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾಗಬಹುದು. ಅಲ್ಲಿ ಹಗಲು 50, ರಾತ್ರಿ 40. ಆದರೆ ಅಳೆಯುವ ಯಂತ್ರವು ಕಿವಿಯ ಸ್ವಭಾವವನ್ನು ಅನುಸರಿಸಿ ಕೆಳಸ್ವರಗಳಿಗೆ ಭಾರಿ ರಿಯಾಯಿತಿ ಕೊಡುತ್ತದೆ: 50 ಹರ್ಟ್ಸಿನಲ್ಲಿ ಸುಮಾರು 30 ಡೆಸಿಬೆಲ್ ವಜಾ. ಮನೆಯ ಹಂಚು, ಕಿಟಕಿಗಳು ಗಡಗಡ ಎಂದರೂ ಯಂತ್ರವು ಸೌಮ್ಯವಾದ ಸಂಖ್ಯೆ ತೋರಿಸಬಹುದು. ಸಬ್‌ವೂಫರಿನ ಮಟ್ಟಿಗೆ ಕಾನೂನಿನ ಸಂಖ್ಯೆಗಿಂತ ತೊಟ್ಟಿಲಲ್ಲಿ ಬೆಚ್ಚಿದ ಕೂಸೇ ಸರಿಯಾದ ಮಾಪಕ. ಒಳಗೆ ಕುಳಿತವರ ಕಿವಿಗೂ ಲೆಕ್ಕವಿದೆ. 85 ಡೆಸಿಬೆಲನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದೂ, ಮೇಲೆ ಮೂರು ಮೂರು ಏರಿದಂತೆ ಅವಧಿ ಅರ್ಧ ಅರ್ಧ ಇಳಿಯುತ್ತದೆಂದೂ ತಜ್ಞರು ಹೇಳುತ್ತಾರೆ. ಹಾಗೆ ಇಳಿದರೆ 100ಕ್ಕೆ ಕಾಲು ಗಂಟೆ ಮಾತ್ರ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಚಾಲಕನಿಗೆ ಕೇಳಿಸಬೇಕೆಂಬುದು ಅದರ ಮೇಲಿನ ಮಾತು.

ಎರಡನೆಯ ದಿನ ಸಂಜೆಗೆ ಕೆಲಸ ಮುಗಿದಾಗ ಎಂಜಿನ್ ಚಾಲೂ ಮಾಡಿ, ಹಾಡು ನುಡಿಸಿ, ಎರಡೂ ತುದಿಗಳಲ್ಲಿ ಅಳೆದೆವು. ಬ್ಯಾಟರಿಯಲ್ಲಿ 13.8, ವರ್ಧಕದ ಬಾಯಲ್ಲಿ 13.6. ಅರ್ಧ ಗಂಟೆಯ ಅನಂತರ ತಂತಿಯುದ್ದಕ್ಕೂ ಕೈಯಾಡಿಸಿ ನೋಡಿದರೆ ಎಲ್ಲಿಯೂ ಬಿಸಿಯಿಲ್ಲ, ಮುಂದೀಪಗಳೂ ಸ್ಥಿರ. ಹೊಸ ತಂತಿ, ಫ್ಯೂಸು, ಬಳೆ, ಕೂಲಿ ಎಲ್ಲ ಸೇರಿ ಅಣ್ಣನಿಗೆ ತಗುಲಿದ್ದು ಕೊಲ್ಲೂರಿಗೆ ಎರಡು ಸಾರಿ ಹೋಗಿಬಂದ ಬಾಡಿಗೆಯಷ್ಟು. ಕೆಲಸದ ಹಿರಿಯರು ಹೊರಡುವಾಗ ಹೇಳಿದ ಪ್ರಕಾರ ಪ್ರತಿವರ್ಷ ಮೃಗಶಿರಾ ಮಳೆ ಹಿಡಿಯುವ ಮೊದಲು ಅರ್ಥಿನ ಬೋಲ್ಟನ್ನು ಬಿಚ್ಚಿ, ಉಜ್ಜಿ, ಜೆಲ್ಲಿ ಬಳಿದು ತಿರುಗಿ ಬಿಗಿಯಬೇಕು. ತಗಡಿನ ಗೋಡೆಯ ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಮುಂದಿನ ವರ್ಷದ ಸರದಿ ನನ್ನದು ಎಂದು ಅಣ್ಣನು ಮರಳುಕಾಗದದ ತುಂಡನ್ನು ಈಗಲೇ ನನ್ನ ಮೇಜಿನಲ್ಲಿ ತಂದಿಟ್ಟಿದ್ದಾನೆ.